ಕಂಬಳಿಯೊಳಗಿನ ಹೆಬ್ಬೆರಳು

ನಮ್ಮ ಚಿಕ್ಕಮಾವ ಬೀರೇಶ ಫೋನು ನೋಡಿಕೊಂಡು ಮೆಸೇಜು ಬರೆಯುತ್ತಿರಲಿಲ್ಲ, ಆನೆ ನೋಡಿಕೊಂಡು ಬರೆಯುತ್ತಿದ್ದರು. ಕಂಬಳಿ ಹೊದ್ದು ಹುಣಸೇಮರದ ಬುಡದಲ್ಲಿ ನಿಂತರೆಂದರೆ ಎರಡು ಕಣ್ಣೂ ಎದುರಿನ ಪ್ರಾಣಿಯ ಮೇಲೆ. ಕಂಬಳಿಯೊಳಗೆ ಹೆಬ್ಬೆರಳು ಮಾತ್ರ ಗುಂಡಿಗಳ ಮೇಲೆ ಓಡಾಡುತ್ತಿತ್ತು. ಅವರ ಜೀವ ನಿಂತಿದ್ದದ್ದೇ ಅದರ ಮೇಲೆ. ಆನೆಯ ಮೇಲಿಟ್ಟ ಕಣ್ಣು ಕದಲಬಾರದು, ಅಷ್ಟೆ.

ಸಾತನೂರಿನಿಂದ ಒಳಗೆ, ಕಾಡಿನ ಅಂಚಿಗೆ ನಮ್ಮ ಹಟ್ಟಿ. ಹಟ್ಟಿಯಿಂದ ದೊಡ್ಡ ರಸ್ತೆಗೆ ಹೋಗಬೇಕೆಂದರೆ ಕೆರೆ ಏರಿಯೊಂದೇ ದಾರಿ. ರಾಗಿ ತೆನೆಗಟ್ಟಿದಾಗಿನಿಂದ ಕಣ ಮುಗಿಯುವ ತನಕ ಆನೆಗಳಿಗೂ ಅದೇ ದಾರಿ. ಹೊಲದಲ್ಲಿ ಹೊಟ್ಟೆ ತುಂಬಿಸಿಕೊಂಡು ಬೆಳಕು ಹರಿಯುವ ಹೊತ್ತಿಗೆ ಏರಿ ದಾಟಿ ಕಾಡಿಗೆ ಹೋಗುತ್ತವೆ. ಸರಿಯಾಗಿ ಅದೇ ಹೊತ್ತಿಗೆ ನಮ್ಮೆಜಮಾನರು ಹಾರೋಹಳ್ಳಿಯ ಫ್ಯಾಕ್ಟರಿ ಬಸ್ಸು ಹಿಡಿಯಲು ಬೈಕು ತೆಗೆಯಬೇಕು, ಡೇರಿಗೆ ಹಾಲು ಹೋಗಬೇಕು, ಹೂವು ಕಿತ್ತವರು ಮಾರ್ಕೆಟ್ಟಿಗೆ ಓಡಬೇಕು. ಬೆಂಗಳೂರಿನಲ್ಲಿ ಓದಿ ಬೆಳೆದ ನನಗೆ ಮದುವೆಯಾಗಿ ಬಂದ ಹೊಸದರಲ್ಲಿ ಇದು ಕಥೆಯ ಹಾಗೆ ಕೇಳಿಸಿತ್ತು. ಮಗಳು ಹುಟ್ಟಿದ ಮೇಲೆ ಕಥೆಯಾಗಿ ಉಳಿಯಲಿಲ್ಲ. ಬೈಕಿನ ಸದ್ದು ಏರಿ ದಾಟಿ ಕರಗುವ ತನಕ ನಾನು ಮಗುವನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತಿರುತ್ತಿದ್ದೆ. ಮಗು ಅಳುತ್ತಿದ್ದದ್ದು ಹಸಿವಿಗೋ ನನ್ನ ಹಿಡಿತಕ್ಕೋ ಗೊತ್ತಾಗುತ್ತಿರಲಿಲ್ಲ.

ಚಿಕ್ಕಮಾವ ದೊಡ್ಡ ಮನುಷ್ಯರೇನೂ ಅಲ್ಲ. ಹತ್ತನೇ ಕ್ಲಾಸಿನಲ್ಲಿ ಇಂಗ್ಲಿಷು, ಗಣಿತ ಎರಡೂ ಕೈಕೊಟ್ಟ ಮೇಲೆ ಕನಕಪುರದ ಗ್ರಾನೈಟ್ ಫ್ಯಾಕ್ಟರಿಯೊಂದರಲ್ಲಿ ವಾಚ್‌ಮನ್ ಆಗಿದ್ದರು. ಅವರಪ್ಪ ತೀರಿಕೊಂಡಾಗ ಕುರಿ ಮಂದೆ ನೋಡುವವರಿಲ್ಲವೆಂದು ವಾಪಸು ಬಂದರು. ಬರುವಾಗ ತಂದದ್ದು ಒಂದು ತಗಡಿನ ಪೆಟ್ಟಿಗೆ, ಮತ್ತೆ ಮ್ಯಾನೇಜರು ಹೊಸದು ಕೊಂಡು ಇವರಿಗೆ ಬಿಟ್ಟುಕೊಟ್ಟಿದ್ದ ಒಂದು ಫೋನು. ಮೇಲರ್ಧ ಪರದೆ, ಕೆಳಗರ್ಧ ಕಂಪ್ಯೂಟರಿನ ಹಾಗೆ ಎ-ಯಿಂದ ಝಡ್-ವರೆಗೆ ಪುಟ್ಟಪುಟ್ಟ ಗುಂಡಿಗಳು. ಇಂಟರ್ನೆಟ್ಟೂ ಬರುತ್ತಿತ್ತು, ವಾಟ್ಸಾಪೂ ಇತ್ತು. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಿದ್ದರು. ಮಕ್ಕಳಾಗಲಿಲ್ಲ. ಕುರಿ, ಕಂಬಳಿ, ನಮ್ಮ ಚಿಕ್ಕತ್ತೆ ತಿಮ್ಮಮ್ಮ, ಆ ಫೋನು: ಅವರ ಸಂಸಾರ ಅಷ್ಟೇ.

ಕುರಿ ಕೂಡುವ ರೊಪ್ಪ ಏರಿಯ ಹತ್ತಿರವೇ ಇದ್ದದ್ದರಿಂದ ಆನೆಗಳು ದಿನಾ ಅವರ ಕಣ್ಣಿಗೆ ಬೀಳುತ್ತಿದ್ದವು. ರಸ್ತೆ ತುದಿಯಲ್ಲಿ ಟೀ ಅಂಗಡಿ ಇಟ್ಟಿರುವ ಪುಟ್ಟಸ್ವಾಮಿ 'ಆನೆ ಸುದ್ದಿ' ಅಂತ ವಾಟ್ಸಾಪ್ ಗ್ರೂಪು ಮಾಡಿದಾಗ ಸುದ್ದಿ ಕೊಡುವ ಕೆಲಸ ತಾನಾಗಿ ಇವರ ಮೇಲೆ ಬಿತ್ತು. ಯಾರೂ ಒಂದು ಕಾಸು ಕೊಡುತ್ತಿರಲಿಲ್ಲ. ಯಾಕೆ ಈ ಉಸಾಬರಿ ಎಂದು ಕೇಳಿದ್ದಕ್ಕೆ, "ಹೆಂಗಿದ್ರೂ ನೋಡ್ತೀನಲ್ಲವ್ವ. ಒಂದು ಮಾತು ಹೇಳುದ್ರೆ ನನ್ ಗಂಟೇನ್ ಹೋಗ್ತದೆ" ಎಂದಿದ್ದರು. ಅಲ್ಲಿಯವರೆಗೆ ಊರಿಗೆಲ್ಲ 'ಕುರಿ ಬೀರ' ಆಗಿದ್ದವರು ಒಂದು ಸುಗ್ಗಿ ಕಳೆಯುವಷ್ಟರಲ್ಲಿ 'ಬೀರಣ್ಣ' ಆದರು.

ಒಂದು ಗುಂಡಿಯನ್ನು ಒತ್ತಿ ಹಿಡಿದರೆ ನೇರ ಗ್ರೂಪು ತೆರೆದುಕೊಳ್ಳುವ ಹಾಗೆ ಮಾಡಿಸಿಕೊಂಡಿದ್ದರು. ಆಮೇಲಿನದೆಲ್ಲ ಹೆಬ್ಬೆರಳಿನ ಪಾಡು. 'ಏರಿ ಮೇಲೆ ಮೂರು ಅವೆ, ಕಾಯಿರಿ' ಅಂತ ಬರುತ್ತಿತ್ತು. ಒಂದಿಷ್ಟು ಹೊತ್ತಿಗೆ 'ದಾಟುದ್ವು' ಅಂತ ಬರುತ್ತಿತ್ತು. ಆಗ ನಮ್ಮೆಜಮಾನರು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದರು.

ಈ ಎರಡು ಮೆಸೇಜುಗಳ ನಡುವೆ ಯಾರೂ ಅವರಿಗೆ ಫೋನು ಮಾಡಬಾರದು. ಇದು ಹಟ್ಟಿಯ ಕಟ್ಟುಪಾಡು. ಹಿಂದೊಮ್ಮೆ ಹಾಲಿನ ದೇವರಾಜು ಟಗರಿನ ರೇಟು ಕೇಳಲು ಫೋನು ಮಾಡಿಬಿಟ್ಟಿದ್ದ. ಕಂಬಳಿಯೊಳಗಿಂದ ಗಂಟೆ ಬಾರಿಸಿದ್ದೇ ಆನೆ ತಿರುಗಿ ನಿಂತಿತಂತೆ. ಕಂಬಳಿ ಬಿಸಾಡಿ, ಕೆರೆಯ ಹೂಳಿಗಿಳಿದು, ಜೊಂಡಿನಲ್ಲಿ ಕೂತು ಬದುಕಿ ಬಂದ ಚಿಕ್ಕಮಾವ ನೇರ ಟೀ ಅಂಗಡಿಗೆ ಹೋಗಿ ದೇವರಾಜುವಿಗೆ, "ಲೇ, ಟಗರಿನ ರೇಟು ಕೇಳಕ್ಕೆ ಹೋಗಿ ನನ್ ತಿಥಿ ಊಟಕ್ಕೆ ರೇಟು ಮಾಡ್ಬುಟ್ಟಿದ್ಯಲ್ಲೋ" ಎಂದರಂತೆ. ಎಲ್ಲರೂ ನಕ್ಕರು. ಅವತ್ತಿನಿಂದ ಫೋನಿನ ಸದ್ದೆಲ್ಲ ಆರಿಸಿಟ್ಟರು, ಆದರೂ ಕರೆ ಬಂದರೆ ಪರದೆ ಬೆಳಗಿ ಬರೆಯುತ್ತಿದ್ದದ್ದು ಕೆಡುತ್ತದೆಂದು ಯಾರೂ ಫೋನು ಮಾಡುತ್ತಿರಲಿಲ್ಲ. ಆ ನಡುವಿನ ಹೊತ್ತಿನಲ್ಲಿ ನನ್ನ ಕೈ ಎಷ್ಟು ಸಲ ಅವರ ಹೆಸರಿನ ಮೇಲೆ ಹೋಗುತ್ತಿತ್ತೋ! ನಮ್ಮೆಜಮಾನರು ಫೋನು ಕಿತ್ತುಕೊಂಡು, "ಸುಮ್ಕಿರೇ ಸಿಂಧು. ನಿನ್ ಗಾಬ್ರಿಗೆ ಆನೇನೂ ಗಾಬ್ರಿಯಾಯ್ತದೆ" ಎನ್ನುತ್ತಿದ್ದರು.

ಕಳೆದ ವರ್ಷ ರಾಗಿ ಬಿತ್ತುವ ಹೊತ್ತಿಗೆ ಆ ಫೋನಿನ ಪರದೆಯ ಮೇಲೆ, ಇದರಲ್ಲಿ ವಾಟ್ಸಾಪ್ ಇನ್ನು ನಡೆಯುವುದಿಲ್ಲ ಎಂದು ಬಂತು. ಫೋನು ಅಷ್ಟು ಹಳೆಯದಾಗಿತ್ತು. ನಾನೂ ಮಗಳಿಗೆ ಚುಚ್ಚುಮದ್ದು ಹಾಕಿಸುವುದಿತ್ತೆಂದು ಅವರ ಜೊತೆಯಲ್ಲೇ ಕನಕಪುರಕ್ಕೆ ಹೋದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಯ ವಾಸಿಂ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದ.

"ಬೀರಣ್ಣಾ, ಇದು ಮ್ಯೂಸಿಯಂ ಮಾಲು. ಗುಂಡಿ ಎಲ್ಲಾ ಸರಿ ಐತೆ, ಒಳಗೆ ಜೀವ ಇಲ್ಲ."

"ಗುಂಡಿ ಇರೋ ಹೊಸಾದು ಕೊಡು ಮತ್ತೆ."

"ಗುಂಡಿ ಇರೋದು ಕಾಲ್‌ಗೆ ಐತೆ, ಮೆಸೇಜ್‌ಗೆ ಐತೆ. ನಿಮ್ ಗ್ರೂಪ್ ಬೇಕಂದ್ರೆ ಟಚ್ಚೇ ಗತಿ. ಯಾರೂ ಮಾಡಲ್ಲ ಅಣ್ಣಾ ಈಗ ಇಂಥಾವು."

ಬೆಳ್ಳಗೆ ಹೊಳೆಯುವ ಟಚ್ ಫೋನೊಂದನ್ನು ಅವರ ಅಂಗೈ ಮೇಲೆ ಇಟ್ಟ. ಚಿಕ್ಕಮಾವ ಕಣ್ಣು ಮುಚ್ಚಿಕೊಂಡು ಅದರ ಮೇಲೆ ಹೆಬ್ಬೆರಳು ಆಡಿಸಿದರು. ನನಗೆ ಅದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕುರುಡರು ಮುಖ ತಡವಿದ ಹಾಗೆ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ.

"ಇದ್ರಾಗೆ ಎಲ್ಲಾ ಒಂದೇ ಮಟ್ಟ ಕಣವ್ವ ಸಿಂಧು" ಎಂದರು. "ಬೆರಳಿಗೆ ಏನೂ ಸಿಗಾಕಿಲ್ಲ. ನೀರ್ ಮ್ಯಾಲೆ ಕೈ ಆಡ್ಸಿದಂಗೆ ಆಯ್ತದೆ."

ಮೊದಲು ಗುಂಡಿಯ ಸಣ್ಣ ಸೆಟ್ಟನ್ನೇ ತೆಗೆದುಕೊಂಡು ಪುಟ್ಟಸ್ವಾಮಿಗೆ ಮಾತ್ರ ಮೆಸೇಜು ಕಳಿಸುವುದು, ಅವನು ಗ್ರೂಪಿಗೆ ಹಾಕುವುದು ಎಂದು ನೋಡಿದರು. ಪುಟ್ಟಸ್ವಾಮಿ ಎದ್ದು, ರೀಚಾರ್ಜಿನ ಮೆಸೇಜುಗಳ ನಡುವೆ ಇವರದನ್ನು ಹುಡುಕಿ ಹಾಕುವಷ್ಟರಲ್ಲಿ, ನಿಜಕ್ಕೂ ಆನೆ ಬಂದಿದ್ದರೆ ಅದು ಕಾಡು ಸೇರಿ ಮಲಗಿರುತ್ತಿತ್ತು. ಹಾಗಾಗಿ ಟಚ್ ಫೋನೇ ಬಂತು.

ಮಳೆಗಾಲವಿಡೀ ನಮ್ಮ ಜಗಲಿಯ ಮೇಲೆ ಕೂತು ಕಲಿತರು. ಸೊಪ್ಪು ಕತ್ತರಿಸಿ, ಕುರಿಯ ಗೊರಸು ಹೆರೆದು ಬಿರುಕುಬಿಟ್ಟ ಹೆಬ್ಬೆರಳು. ಒಂದು ಅಕ್ಷರ ಮುಟ್ಟಿದರೆ ಪಕ್ಕದ್ದೂ ಬೀಳುತ್ತಿತ್ತು. ಕೆಲವು ಸಲ ಎಷ್ಟು ಒತ್ತಿದರೂ ಏನೂ ಬೀಳುತ್ತಿರಲಿಲ್ಲ. ನನ್ನ ಮಗಳು ಅವರ ತೊಡೆ ಹತ್ತಿ ಪುಟಾಣಿ ಬೆರಳಲ್ಲಿ ಪಟಪಟ ಒತ್ತಿದರೆ ಅದಕ್ಕೆಲ್ಲ ಫೋನು ಓಗೊಡುತ್ತಿತ್ತು. "ನೋಡವ್ವ, ಇದುಕ್ಕೆ ಮಕ್ಕಳ್ ಬೆರಳೇ ಆಗ್ಬೇಕಂತೆ" ಎಂದು ನಗುತ್ತಿದ್ದರು. ನಗು ಬೇಗ ನಿಲ್ಲುತ್ತಿತ್ತು. ನೋಡಿಕೊಂಡು ಬರೆಯುವುದು ನಿಧಾನವಾಗಿಯಾದರೂ ಬಂತು. ನೋಡದೆ ಬರೆಯುವುದು ಬರಲೇ ಇಲ್ಲ.

"ಮಾತಾಡಿ ಕಳಿಸ್ಬುಡು ಬೀರಣ್ಣ, ವಾಯ್ಸ್ ಮೆಸೇಜು" ಎಂದ ದೇವರಾಜು.

"ನಿನ್ ಕಿವಿ ಮಟ್ಟಕ್ಕೆ ಸರಿ ಕಣ್ಲಾ. ಅದ್ರ ಕಿವಿ ನೋಡಿದ್ದೀಯಾ, ಮೊರ ಇದ್ದಂಗೆ ಐತೆ."

ನಾನು ಫೋಟೋ ಕಳಿಸಿ ಎಂದೆ. ತೆನೆಗಟ್ಟಿ ಮೊದಲ ಆನೆ ಬಂದಾಗ ಕಳಿಸಿದರು. ಕತ್ತಲು, ಅದರೊಳಗೆ ಇನ್ನೂ ದಟ್ಟ ಕತ್ತಲು. ಅದು ಆನೆಯೋ ಬಂಡೆಯೋ ಎಂದು ಗ್ರೂಪಿನಲ್ಲಿ ಒಂದು ವಾರ ತಮಾಷೆ ನಡೆಯಿತು.

ಆಮೇಲೆ ಅವರು ಒಂದು ಉಪಾಯ ಮಾಡಿದರು. ಆನೆ ನೋಡುವುದು, ಹಿಂದಕ್ಕೆ ಸರಿದು ರೊಪ್ಪದ ಗೋಡೆಯ ಮರೆಗೆ ಬರುವುದು, ಅಲ್ಲಿ ಕೂತು ಬೆಳಕಿನ ಪರದೆ ನೋಡಿಕೊಂಡು ಒಂದೊಂದೇ ಅಕ್ಷರ ಒತ್ತುವುದು, ಮತ್ತೆ ಹೋಗಿ ನೋಡುವುದು. ಒಳ್ಳೆಯ ಉಪಾಯವೇ. ನನಗೂ ಸಮಾಧಾನವಾಗಿತ್ತು. ಆದರೆ ಅವರು ಬರೆದು ಮುಗಿಸುವಷ್ಟರಲ್ಲಿ ಆನೆ ಹೇಳಿದ ಜಾಗದಲ್ಲಿ ಇರುತ್ತಿರಲಿಲ್ಲ. ಗ್ರೂಪಿನ ಮೇಲ್ಗಡೆ 'ಬೀರಣ್ಣ ಟೈಪ್ ಮಾಡುತ್ತಿದ್ದಾರೆ' ಎಂದು ತೋರಿಸುತ್ತಾ ತೋರಿಸುತ್ತಾ ಇರುತ್ತಿತ್ತು, ಮೆಸೇಜು ಬರುತ್ತಿರಲಿಲ್ಲ. "ಬೀರಣ್ಣ ಟೈಪ್ ಮಾಡ್ತಾವ್ನೆ, ಅಷ್ಟ್ರಾಗೆ ಮುದ್ದೆ ತಿರುವ್ಕಂಡು ಬರನ" ಎನ್ನುವುದು ಹಟ್ಟಿಯ ಗಾದೆಯೇ ಆಗಿಬಿಟ್ಟಿತು. ಸಾಲ ವಾಪಸು ಕೊಡಲು ತಡ ಮಾಡುವವನಿಗೂ ಅದೇ ಮಾತು, ಕೂಗಿದರೆ ಓಗೊಡದ ಹೆಂಡತಿಗೂ ಅದೇ ಮಾತು.

ಒಂದು ಬೆಳಿಗ್ಗೆ 'ದಾಟುದ್ವು' ಎಂಬ ಮೆಸೇಜು ನೋಡಿ ದೇವರಾಜು ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟ. ದಾಟಿದ್ದ ಆನೆಗಳಲ್ಲಿ ಒಂದು ಈ ನಡುವೆ ತಿರುಗಿ ಬಂದು ಏರಿಯ ಮೇಲೆ ನಿಂತಿತ್ತು. ಬೈಕು ಬಿಟ್ಟು ಓಡಿ ಬಂದ. ಕ್ಯಾನು ಚಪ್ಪಟೆಯಾಯಿತು, ಅವನಿಗೆ ಏನೂ ಆಗಲಿಲ್ಲ. ಸಂಜೆ ಟೀ ಅಂಗಡಿಯಲ್ಲಿ ಎಲ್ಲರೆದುರಿಗೆ ಹೇಳಿದ:

"ನಿನ್ ಸುದ್ದಿ ತಂಗಳು ಕಣ್ಲಾ ಬೀರಣ್ಣ. ತಂಗಳು ಸುದ್ದಿ ನಂಬ್ಕಂಡು ಹೋದ್ರೆ ಹೆಣ ಬೀಳ್ತದೆ. ಆಗಕಿಲ್ಲ ಅಂದ್ರೆ ಬುಟ್ಬುಡು."

ಬಿಟ್ಟುಬಿಡಬಹುದಿತ್ತು. ಚಿಕ್ಕತ್ತೆ ಅದನ್ನೇ ಹೇಳಿದರು, ನಾನೂ ಹೇಳಿದೆ. ಹೇಳಿದ್ದೇನೋ ಹೇಳಿದೆ, ಇವರು ಬಿಟ್ಟರೆ ನಮ್ಮೆಜಮಾನರಿಗೆ ಹೇಳುವವರಾರು ಎನ್ನುವುದೂ ಒಳಗೆ ಕೊರೆಯುತ್ತಿತ್ತು. ಚಿಕ್ಕಮಾವ ಕಂಬಳಿಯ ಅಂಚಿನ ಮುಳ್ಳು ಕೀಳುತ್ತಾ, "ತಂಗಳು ಅಂದ್ಬುಟ್ಟ" ಎಂದರು. ಆಮೇಲೆ, "ಅವ್ನು ಹೇಳಿದ್ರಲ್ಲಿ ತಪ್ಪಿಲ್ಲ. ಹಿಂದುಕ್ಕೆ ಬಂದು ಬರೆಯೋದು ಸುಳ್ಳು ಸುದ್ದಿ ಬರ್ದಂಗೇಯಾ. ನಿಂತಲ್ಲೇ ಬರೀಬೇಕು" ಎಂದರು.

"ನಿಂತಲ್ಲಿ ಬರೆದರೆ ತಲೆ ಬಗ್ಗಿಸಬೇಕಲ್ಲ ಚಿಕ್ಕಮಾವ."

"ಒಸಿ ಬಗ್ಗುಸ್ತೀನಿ. ಒಂದಕ್ಷರ ಒತ್ತೋದು, ತಲೆ ಎತ್ತೋದು. ಕೋಳಿ ನೀರ್ ಕುಡಿಯಾಕಿಲ್ವಾ, ಹಂಗೆ."

ಮಗಳ ಮುಂದೆ ಕೋಳಿಯ ಹಾಗೆ ಕತ್ತು ಬಗ್ಗಿಸಿ ಎತ್ತಿ ತೋರಿಸಿದರು. ಅವಳು ಕೇಕೆ ಹಾಕಿ ನಕ್ಕಳು. ನನಗೆ ದಿಗಿಲಾಯಿತು. ಆದರೆ ನನಗೆ ಅದು ಮಗು ಸೀನಿದರೂ ಆಗುತ್ತದೆ. ನನ್ನ ಭಯಕ್ಕೆ ಮನೆಯಲ್ಲಿ ಯಾರೂ ಬೆಲೆ ಕೊಡುವುದಿಲ್ಲ, ನಾನೇ ಕೊಡುವುದಿಲ್ಲ.

ಮಾರ್ಗಶಿರದ ಮಂಜು. ರಾಗಿ ಕೊಯ್ದು ಮೆದೆ ಹಾಕಿದ್ದರು. ಆವತ್ತು ಬೆಳಿಗ್ಗೆ ನಾನು ಹಾಲು ಕಾಯಿಸುತ್ತಿದ್ದೆ, ನಮ್ಮೆಜಮಾನರು ಶೂ ಕಟ್ಟುತ್ತಿದ್ದರು. ಇಬ್ಬರ ಫೋನೂ ಒಟ್ಟಿಗೆ ಟಿಂಗ್ ಎಂದವು.

'ಏರಿ ಮೇಲೆ ಎರಡು ಅವೆ. ಯಾರೂ ಬರಬ್ಯಾಡಿ.'

ಬಿಸಿಬಿಸಿ ಸುದ್ದಿ. ಒಬ್ಬೊಬ್ಬರೇ ಹೆಬ್ಬೆರಳ ಚಿತ್ರ ಹಾಕತೊಡಗಿದರು. ಕೈ ಮುಗಿದ ಚಿತ್ರ, ಮತ್ತೆ ಹೆಬ್ಬೆರಳು. ದೇವರಾಜು ಕೂಡ ಒಂದು ಹಾಕಿದ. ನಮ್ಮೆಜಮಾನರು ಹೆಲ್ಮೆಟ್ ಪಕ್ಕಕ್ಕಿಟ್ಟು ಜಗಲಿಯ ಮೇಲೆ ಕೂತರು. ನಾನು ಕಾಫಿ ತಂದು ಕೊಡುವಾಗ ಗ್ರೂಪಿನ ಮೇಲೆ 'ಬೀರಣ್ಣ ಟೈಪ್ ಮಾಡುತ್ತಿದ್ದಾರೆ' ಎಂದು ಬಂತು.

"ದಾಟ್ತಾ ಅವೆ ಅನ್ಸುತ್ತೆ" ಎಂದರು ಅವರು.

ಅದು ಹೋಗಲಿಲ್ಲ. ಸ್ವಲ್ಪ ನಿಲ್ಲುವುದು, ಮತ್ತೆ ಬರುವುದು. ಟೈಪ್ ಮಾಡುತ್ತಿದ್ದಾರೆ. ಟೈಪ್ ಮಾಡುತ್ತಿದ್ದಾರೆ. ಪುಟ್ಟಸ್ವಾಮಿ ಬರೆದ: 'ಬೀರಣ್ಣ ಇವತ್ತು ರಾಮಾಯಣಾನೇ ಬರೀತಾವ್ನೆ. ಟೀ ಇನ್ನೊಂದ್ ರೌಂಡ್ ಆಗ್ಲಿ.' ನಗುವ ಮುಖಗಳು ಸಾಲಾಗಿ ಬಂದವು. ನಮ್ಮೆಜಮಾನರೂ ನಕ್ಕು ನನಗೆ ತೋರಿಸಿದರು. ನಾನೂ ನಕ್ಕೆ. ನಿಜ ಹೇಳಬೇಕೆಂದರೆ, ಅಷ್ಟು ದಿನಗಳಲ್ಲಿ ನನಗೆ ಸ್ವಲ್ಪವೂ ದಿಗಿಲಾಗದಿದ್ದ ಬೆಳಿಗ್ಗೆ ಅದೊಂದೇ. ಬೆರಳು ಆಡುತ್ತಿದೆಯೆಂದರೆ ಮನುಷ್ಯ ಚೆನ್ನಾಗಿದ್ದಾನೆ ಎಂದು ತಾನೇ ಅರ್ಥ?

ಆಮೇಲೆ ಅದು ನಿಂತಿತು. ಎಲ್ಲರೂ ಕಾದರು. ಫ್ಯಾಕ್ಟರಿ ಬಸ್ಸು ತಪ್ಪಿತು. ಫೋನು ಮಾಡೋಣವೇ ಎಂದೆ. "ದಾಟುದ್ವು ಅಂತ ಬರ್ಲಿಲ್ವಲ್ಲೇ, ಈಗ ಮಾಡುದ್ರೆ ಹೆಂಗೆ" ಎಂದರು. ಸರಿಯಾದ ಮಾತೇ. ಕಟ್ಟುಪಾಡು ಇದ್ದದ್ದೇ ಹಾಗೆ. ಹಟ್ಟಿಯ ಪ್ರತಿ ಮನೆಯಲ್ಲೂ ಜನ ಫೋನು ಕೈಯಲ್ಲಿ ಹಿಡಿದು, ಅವರ ಜೀವ ಕಾಪಾಡಲೆಂದು, ಫೋನು ಮಾಡದೆ ಕೂತಿದ್ದರು.

ಬಿಸಿಲು ಜಗಲಿಗೆ ಬಂದಾಗ ಚಿಕ್ಕತ್ತೆ ಬಂದರು. ಕೈಯಲ್ಲಿ ಅಂಬಲಿಯ ಚೊಂಬು.

"ಮಂದೆ ಇನ್ನೂ ರೊಪ್ಪದಾಗೇ ಅರಚ್ಕತಾ ಐತೆ. ನಿಮ್ ಚಿಕ್ಕಮಾವ ಈ ಕಡೆ ಬಂದ್ನಾ?"

ನಮ್ಮೆಜಮಾನರು ಎದ್ದರು. ಬೀದಿಯಲ್ಲಿ ಇನ್ನೂ ಐದಾರು ಜನ ಸೇರಿದರು. ತಮಟೆ ಬಡಿಯುತ್ತಾ ಏರಿಗೆ ಹೋದರು. ಏರಿಯ ಮೇಲೆ ಆನೆ ಇರಲಿಲ್ಲ. ಚಿಕ್ಕಮಾವ ಹುಣಸೇಮರದ ಬುಡದಿಂದ ಒಂದಿಷ್ಟು ಕೆಳಗೆ, ಕೆರೆಯ ಕಡೆಯ ಇಳಿಜಾರಿನಲ್ಲಿ ಇದ್ದರು. ಎದುರಿಗೆ ಏರಿಯ ಮೇಲೆ ಎರಡು ಆನೆಗಳ ಹೆಜ್ಜೆ ಸರಾಗವಾಗಿ ಕಾಡಿನ ಕಡೆ ಹೋಗಿತ್ತು. ಅವು ಇವರನ್ನು ಮೂಸಿಯೂ ನೋಡಿರಲಿಲ್ಲ. ಮೂರನೆಯದೊಂದು ಹಿಂದಿನಿಂದ, ದೇವರಾಜುವಿನ ರಾಗಿ ಮೆದೆಯ ಕಡೆಯಿಂದ ಬಂದಿತ್ತು. ಒದ್ದೆ ಹುಲ್ಲಿನ ಮೇಲೆ ಅದರ ಹೆಜ್ಜೆ ಸ್ಪಷ್ಟವಾಗಿತ್ತು. ಮೊದಲಿನ ಹಾಗಿದ್ದಿದ್ದರೆ ಕತ್ತಲಿಗೆ ಒಗ್ಗಿದ ಕಣ್ಣಿಗೆ ಅಕ್ಕಪಕ್ಕ ಕದಲಿದ್ದೂ ತಿಳಿಯುತ್ತಿತ್ತು. ಬೆಳಕಿನ ಪರದೆ ನೋಡಿ ತಲೆ ಎತ್ತಿದವರಿಗೆ ಆ ಮಂಜಿನಲ್ಲಿ ಏನು ಕಂಡೀತು?

ಸೊಂಟದಿಂದ ಕೆಳಗೆ ಏನೂ ಉಳಿದಿರಲಿಲ್ಲ ಎಂದರು. ಕಂಬಳಿಯೊಳಗೆ ಹೆಬ್ಬೆರಳು ಫೋನಿನ ಮೇಲೇ ಇತ್ತಂತೆ. ನಾನು ನೋಡಲಿಲ್ಲ, ಮಗುವನ್ನು ಹಿಡಿದುಕೊಂಡು ದೂರ ನಿಂತಿದ್ದೆ. ಚಿಕ್ಕತ್ತೆ ಓಡಿಹೋಗಿ ಕಂಬಳಿಯೊಳಗೆ ಕೈ ಇಟ್ಟರು. "ಇನ್ನೂ ಬೆಚ್ಗವ್ನೆ! ಗಾಡಿ ತರ್ರಪ್ಪೋ, ಇನ್ನೂ ಬೆಚ್ಗವ್ನೆ!" ಎಂದು ಕೂಗಿದರು. ಗಾಡಿ ತಂದರು. ಕನಕಪುರದ ಆಸ್ಪತ್ರೆಯಲ್ಲಿ ಡಾಕ್ಟರು ಗಾಡಿಯಿಂದ ಇಳಿಸುವ ಮೊದಲೇ ಕೈ ಅಲ್ಲಾಡಿಸಿದರಂತೆ. ಹೋಗಿ ಬಹಳ ಹೊತ್ತಾಗಿಲ್ಲ, ಬೇಗ ಸಿಕ್ಕಿದ್ದರೆ ನೋಡಬಹುದಿತ್ತು ಎಂದೂ ಹೇಳಿದರಂತೆ. ಆ ಮಾತನ್ನು ಅವರು ಹೇಳದೆ ಇರಬಹುದಿತ್ತು.

ಮಣ್ಣಿಗೆ ಬಂದ ಪುಟ್ಟಸ್ವಾಮಿ ಯಾರ ಮುಖವನ್ನೂ ನೋಡಲಿಲ್ಲ. ತನ್ನ ರಾಮಾಯಣದ ಮಾತನ್ನು ಗ್ರೂಪಿನಿಂದ ಅಳಿಸಿದ್ದ. ಅಳಿಸಿದರೂ 'ಈ ಸಂದೇಶವನ್ನು ಅಳಿಸಲಾಗಿದೆ' ಎಂಬ ಸಾಲು ಅಲ್ಲೇ ಉಳಿದಿದೆ. ಅದರ ಕೆಳಗೆ ನಗುವ ಮುಖಗಳು ಸಾಲಾಗಿ ಉಳಿದಿವೆ. ಹಾಕಿದವರಿಗೆ ಅವನ್ನೂ ಅಳಿಸಬೇಕೆಂದು ತೋಚಿಲ್ಲ.

ತಿಥಿ ಮುಗಿದ ಮೇಲೆ ಒಂದು ಮಧ್ಯಾಹ್ನ ಚಿಕ್ಕತ್ತೆ ಆ ಫೋನು ತಂದು ನನ್ನ ಮುಂದೆ ಇಟ್ಟರು. ಒಂದು ಮೂಲೆ ಒಡೆದಿತ್ತು. ಚಾರ್ಜಿಗೆ ಹಾಕಿದರೆ ಹತ್ತಿಕೊಂಡಿತು. ಅವರಿಗೆ ಓದಲು ಬಾರದು.

"ಅವತ್ತು ಅವ್ನು ಏನೋ ಬರೀತಾನೇ ಇದ್ನಂತಲ್ಲವ್ವ. ಎಲ್ರಿಗೂ ಕಾಣ್ತಿತ್ತಂತೆ. ಏನ್ ಬರ್ದವ್ನೆ, ಒಸಿ ಓದಿ ಹೇಳು."

ಗ್ರೂಪು ತೆರೆದೆ. ಕೊನೆಯ ಮೆಸೇಜಿನ ಆಚೆ ಏನೂ ಹೋಗಿರಲಿಲ್ಲ. ಆದರೆ ಬರೆಯುವ ಚೌಕದಲ್ಲಿ, ಕಳಿಸದೆ ಉಳಿದದ್ದು ಹಾಗೇ ಇತ್ತು. ಒಂದರ ಪಕ್ಕ ಒಂದು ಅಕ್ಷರ, ಒಂದೇ ಅಕ್ಷರ ಹತ್ತಾರು ಸಲ, ಮತ್ತೆ ಪಕ್ಕದ್ದು, ಮತ್ತೆ ಅದೇ, ಚೌಕ ತುಂಬಿ ಮೇಲೆ ಸರಿಯುವಷ್ಟು. ಕೂಡಿಸಿ ಓದಿದರೆ ಒಂದು ಮಾತೂ ಆಗುತ್ತಿರಲಿಲ್ಲ. ಮೇಲೆ ಹೋದೆ, ಕೆಳಗೆ ಬಂದೆ. ಹೆಸರಾಗಲಿ, ಕೂಗಾಗಲಿ, ಬನ್ನಿ ಎಂಬುದಾಗಲಿ ಎಲ್ಲೂ ಇರಲಿಲ್ಲ.

"ಏನೂ ಇಲ್ಲ ಚಿಕ್ಕತ್ತೆ. ಬೆರಳು ಸುಮ್ಮನೆ ತಾಗಿರೋದು."

ಅವರು ನನ್ನ ಮುಖವನ್ನೇ ನೋಡಿದರು. ಓದಿದ ಹುಡುಗಿ, ಇಷ್ಟೂ ಓದಲು ಬಾರದೇ ಎನ್ನುವ ಹಾಗೆ.

"ಏನೂ ಇಲ್ದೆ ಅಷ್ಟೊತ್ತು ಬರೀತಾನೇನವ್ವ ಅವ್ನು?" ಎಂದರು. ಸೆರಗಿನಿಂದ ಪರದೆಯನ್ನು ಒರೆಸಿ ಮತ್ತೆ ನನ್ನ ಕೈಗೆ ಕೊಟ್ಟರು. "ಸರ್ಯಾಗಿ ನೋಡು."